ಹೊಲಿಗೆಯಿಲ್ಲದ ಮುಖ

ಟಕ್ ಎಂದಿತು, ಬಾಗಿಲಿನಾಚೆ ಒಂದು ಬ್ಲಾಕು ಮೇಜಿನ ಮೇಲೆ ಕೂತಿತು, ಇನ್ನೊಂದು ಟಕ್, ಆಮೇಲೆ ಏನೂ ಇಲ್ಲ — ಯಾಕೆ ಏನೂ ಇಲ್ಲ, ಇಷ್ಟು ಹೊತ್ತಿಗೆ ಮೂರನೆಯದು ಬೀಳಬೇಕಿತ್ತು, ಮನೆಯಲ್ಲಾಗಿದ್ದರೆ ನಾಲ್ಕು ಮುಗಿದು ಐದನೆಯದು ಅವಳ ಬೆರಳುಗಳ ನಡುವೆ ತಿರುಗುತ್ತಿರುತ್ತಿತ್ತು, ಮನೆಯಲ್ಲಿ ಹೀಗೆ ಸದ್ದೂ ಬರುವುದಿಲ್ಲ, ಬಟ್ಟೆ ಹೊದೆಸಿದ ಮರದ ತುಂಡು ಬೆಕ್ಕು ಕಾಲಿಟ್ಟ ಹಾಗೆ ಮೇಜಿನ ಮೇಲೆ ಕೂರುತ್ತದೆ, ಇಲ್ಲಿಯದು ಪ್ಲಾಸ್ಟಿಕ್ಕು, ಹಲ್ಲಿನಂತೆ ಗಟ್ಟಿ. ಹಸಿರು ಕುರ್ಚಿ, ಎದುರಿಗೆ ಮೀನಿನ ತೊಟ್ಟಿ, ಅದರೊಳಗೆ ಒಂದೇ ಒಂದು ಮೀನು ಗಾಜಿಗೆ ಬಾಯಿಟ್ಟು ನನ್ನನ್ನೇ ನೋಡುತ್ತಿದೆ, ಬಾಗಿಲ ಮೇಲೆ ಪರೀಕ್ಷೆ ನಡೆಯುತ್ತಿದೆ ದಯವಿಟ್ಟು ಸದ್ದು ಮಾಡಬೇಡಿ ಎಂಬ ಕಾಗದ, ನಾನೆಲ್ಲಿ ಸದ್ದು ಮಾಡಿದೆ, ಉಸಿರನ್ನೂ ಅರ್ಧರ್ಧ ಬಿಡುತ್ತಿದ್ದೇನೆ. ಪರೀಕ್ಷೆ ಮಾಡುವ ಮೇಡಂ ಬಂದು ಕೈ ಚಾಚಿದಾಗ ನನ್ನ ಮಗಳು ಗುಂಡಿ ಹಿಂದೆ ತಿರುಗಿಯೂ ನೋಡದೆ ಹೊರಟುಹೋದಳು, ಎಂಟು ವರ್ಷದಲ್ಲಿ ಎಲ್ಲಿಗೆ ಹೋದರೂ ಬಾಗಿಲ ಬಳಿ ಒಂದು ಸಲ ನಿಂತು ಅಮ್ಮಾ ಇಲ್ಲೇ ಇರ್ತೀಯಲ್ವಾ ಅನ್ನುವವಳು, ಇವತ್ತು ಅದೂ ಇಲ್ಲ, ನರೆತ ಜಡೆಯ ಆ ಹೆಂಗಸಿನ ಕೈಯಲ್ಲಿ ಕೈಯಿಟ್ಟು, ಮಿಸ್ ನಿಮ್ಮ ಹತ್ರ ಎಷ್ಟು ಪೆನ್ಸಿಲ್ ಇದಾವೆ ಅನ್ನುತ್ತಾ. ಗುಂಡಿ ಅಂದರೆ ಅಂಗಿಯ ಗುಂಡಿ — ಎರಡು ವರ್ಷದವಳಿದ್ದಾಗ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ನನ್ನ ಗುಂಡಿಡಬ್ಬಿ ಸುರುವಿಕೊಂಡು ಎರಡು ತೂತಿನವು ಈ ಕಡೆ, ನಾಲ್ಕು ತೂತಿನವು ಆ ಕಡೆ, ಮಧ್ಯಾಹ್ನವೆಲ್ಲ ತುಟಿ ಪಿಟಕ್ಕೆನ್ನದೆ ಜೋಡಿಸುತ್ತಿದ್ದಳು, ಅದಕ್ಕೇ ಆ ಹೆಸರು, ಅದಕ್ಕೆ ಆವತ್ತು ಯಾರೂ ಅಂಕಿ ಕೊಡಲಿಲ್ಲ, ಬಾಯಿಗೆ ಹಾಕ್ಕೊಂಡೀತು ನೋಡ್ಕೋ ಎಂದರು ಅಷ್ಟೆ.

ಅಂಕಿ — ನೂರಿಪ್ಪತ್ತೆಂಟು. ತಂಗಿ ಫೋನಿನಲ್ಲಿ ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ, ಮೊದಲು ಸುಮ್ಮನೆ ಅಕ್ಕಾ ಏನ್ ಮಾಡ್ತಿದ್ದೆ ಅಂದಳು, ಕೋಟಿನ ಗುಂಡಿಗೆ ಕಾಜಾ ಹೊಲೀತಿದ್ದೆ ಅಂದೆ, ಅಯ್ಯೋ ಕಣ್ಣು ಹಾಳಾಗುತ್ತೆ ಕಣೇ ಅಂದಳು, ಆಮೇಲೆ ಏನೋ ಮರೆತದ್ದು ನೆನಪಾದ ಹಾಗೆ, ನನ್ನ ಮಗಳನ್ನ ಬುದ್ಧಿಮತ್ತೆ ಪರೀಕ್ಷೆಗೆ ಕರ್ಕೊಂಡು ಹೋಗಿದ್ದೆ, ನೂರಿಪ್ಪತ್ತೆಂಟು ಬಂತು, ನಾನೇ ನಂಬ್ಲಿಲ್ಲ ಗೊತ್ತಾ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು, ಮೈತುಂಬ ಗ್ರೀಸು, ಟವೆಲಿನಲ್ಲಿ ಕೈ ಒರೆಸುತ್ತಾ ಕೇಳಿದ, ನೂರಕ್ಕೆ ನೂರಿಪ್ಪತ್ತೆಂಟಾ, ಹಾಗಾದ್ರೆ ಮೇಲಿನ ಇಪ್ಪತ್ತೆಂಟು ನಮಗೆ ಕೊಡ್ಲಿ, ನನಗೆ ಬೇಕಾಗುತ್ತೆ. ನಗಲಿಲ್ಲ ನಾನು, ತಂಗಿಯನ್ನೇ ಕೇಳಿದೆ, ನೂರರ ಮೇಲೆ ಹೇಗೇ ಬರುತ್ತೆ, ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು, ಹಿಂದಿನ ಬೆಂಚಿನ ಹುಡುಗಿಗೆ ಹೇಳುವಂತೆ ಹೇಳಿದಳು, ಅಕ್ಕಾ ಅದು ಮಾರ್ಕ್ಸ್ ಅಲ್ಲ, ಅದೇ ವಯಸ್ಸಿನ ಸಾವಿರಾರು ಮಕ್ಕಳಿಗೆ ಇದನ್ನೇ ಕೊಟ್ಟು ನೋಡಿರ್ತಾರೆ, ಅವರ ಸರಾಸರಿಯನ್ನ ನೂರು ಅಂತ ಇಟ್ಕೊಂಡಿರ್ತಾರೆ, ಹೆಚ್ಚಿನವರೆಲ್ಲ ಅದರ ಆಸುಪಾಸಲ್ಲೇ ಬರ್ತಾರೆ, ಮೇಲೆ ಹೋದ ಹಾಗೆ ಜನ ಕಡಿಮೆ. ಜನ ಕಡಿಮೆ ಇರುವ ಜಾಗದಲ್ಲಿ ಅವಳ ಮಗಳು, ನೂರಕ್ಕೆ ತೊಂಬತ್ತೇಳು ಮಕ್ಕಳು ಅವಳ ಕೆಳಗಂತೆ, ಆ ತೊಂಬತ್ತೇಳರಲ್ಲಿ ನನ್ನವಳು ಎಲ್ಲಿ ನಿಂತಿದ್ದಾಳೋ, ಯಾರ ಬೆನ್ನ ಹಿಂದೆ. ಒಳ್ಳೆಯದಾಯ್ತು ಬಿಡೇ ಅಂದೆ, ಬಾಯಿ ಅಂದಿತು, ಕೈ ಕಾಜಾದ ಬದಲು ಬಟ್ಟೆಯನ್ನೇ ಕತ್ತರಿಸಿತ್ತು, ಯಾರದ್ದೋ ಮದುವೆಯ ಕೋಟು, ಆಮೇಲೆ ಒಳಗಿನಿಂದ ತೇಪೆ ಕೊಟ್ಟು ಸರಿಮಾಡಿದೆ, ಕಾಣುವುದಿಲ್ಲ, ನನಗೆ ಮಾತ್ರ ಗೊತ್ತು ಎಲ್ಲಿದೆ ಅಂತ. ಸ್ಕೂಲಿನಲ್ಲಿ ಮುಂದಿನ ವರ್ಷದಿಂದ ವಿಶೇಷ ಗುಂಪು ಮಾಡ್ತಾರೆ, ನೂರಿಪ್ಪತ್ತರ ಮೇಲೆ ಬಂದವರಿಗೆ, ಈ ತಿಂಗಳ ಕೊನೆಗೆ ಪಟ್ಟಿ ಮುಗಿಯುತ್ತೆ, ಗುಂಡೀನೂ ಕರ್ಕೊಂಡು ಹೋಗೇ ಅಕ್ಕಾ, ಆ ಮೇಡಂ ಫೋನ್ ನಂಬರ್ ನಾನೇ ಕೊಡ್ತೀನಿ — ಕೊಟ್ಟಳು ಕೂಡ, ಅದೇ ಸಿಟ್ಟು, ಒಂದು ಸಲವಾದರೂ ಕೆಟ್ಟವಳಾಗಿರಬಾರದೇ, ಅವಳನ್ನು ನೆಮ್ಮದಿಯಾಗಿ ದ್ವೇಷಿಸುವುದಕ್ಕೂ ಬಿಡುವುದಿಲ್ಲ.

ಟಕ್. ಮೂರು. ಟಕ್ ನಾಲ್ಕು. ಅಪ್ಪನ ಸ್ಟಾಪ್‌ವಾಚಿನ ಸದ್ದು ಹೀಗಿರಲಿಲ್ಲ, ಅದು ಚಿಕಿಚಿಕಿ ಎಂದು ಇಲಿ ಕಡಿದ ಹಾಗೆ. ಗಡಿಯಾರ ರಿಪೇರಿಯ ಅಪ್ಪ, ಒಂದು ಕಣ್ಣಿಗೆ ಭೂತಗನ್ನಡಿ, ಅಂಗಡಿಯ ಮುಂದಿನ ಹಲಗೆಯ ಮೇಲೆ ನಾನು ತಂಗಿ ಇಬ್ಬರು, ಚಿತ್ರ ಜೋಡಿಸುವ ಮರದ ತುಂಡುಗಳು, ಹಡಗಿನ ಚಿತ್ರ, ಇಪ್ಪತ್ತನಾಲ್ಕು ತುಂಡು, ಹೂಂ ಶುರು ಎನ್ನುತ್ತಿದ್ದರು, ಅವಳು ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು, ತುಂಡುಗಳನ್ನು ಎತ್ತಿ ಎತ್ತಿ ಬಡಿಯುತ್ತಾ ಮುಗಿಸಿಬಿಡುತ್ತಿದ್ದಳು, ನಾನು ಒಂದೊಂದು ತುಂಡಿನ ಅಂಚನ್ನೂ ಬೆರಳಲ್ಲಿ ಸವರಿ, ಇದು ಇಲ್ಲಿಯದೇ ಎಂದು ಗೊತ್ತಾದ ಮೇಲೇ ಇಡುತ್ತಿದ್ದೆ, ಅವಳದು ನಾಲ್ಕು ನಿಮಿಷ ನನ್ನದು ಒಂಬತ್ತು, ಅಪ್ಪ ಗಿರಾಕಿಗಳ ಮುಂದೆ ನಗುತ್ತಾ ಹೇಳುತ್ತಿದ್ದರು, ದೊಡ್ಡವಳು ಒಳ್ಳೆಯವಳು, ಚಿಕ್ಕವಳು ಜಾಣೆ. ಪ್ರೀತಿಯಿಂದಲೇ ಹೇಳಿದ್ದು. ಒಳ್ಳೆಯವಳು ಅನ್ನುವುದನ್ನು ನಾನು ಎಷ್ಟು ವರ್ಷ ತೊಟ್ಟುಕೊಂಡು ಓಡಾಡಿದೆ, ಬೇರೆಯವರ ಅಳತೆಗೆ ಹೊಲಿದ ಅಂಗಿ, ಕಂಕುಳಲ್ಲಿ ಬಿಗಿ. ಅಪ್ಪ ಹೋದ ಮೇಲೆ ಸ್ಟಾಪ್‌ವಾಚು ನನಗಿರಲಿ ಅಂತ ಕೇಳೋಣ ಎಂದುಕೊಳ್ಳುತ್ತಿರುವಾಗಲೇ ಅಕ್ಕಾ ಇದು ನಾನಿಟ್ಕೊಳ್ಳಲಾ ಎಂದಳು, ಒಳ್ಳೆಯವಳು ಏನು ಹೇಳಬೇಕು, ಇಟ್ಕೋ ಅಂದೆ, ಈಗ ಅವಳ ಮನೆಯ ಶೋಕೇಸಿನಲ್ಲಿ ಕೂತಿದೆ, ಎರಡು ವರ್ಷದಿಂದ ಯಾರೂ ಕೀಲಿ ಕೊಟ್ಟಿಲ್ಲ, ಹೋದಾಗಲೆಲ್ಲ ನೋಡುತ್ತೇನೆ, ಮುಳ್ಳು ಹನ್ನೊಂದರ ಮೇಲೇ ನಿಂತಿದೆ.

ಪರೀಕ್ಷೆಯ ಕೋಣೆಯ ಗೋಡೆ ತೆಳ್ಳಗಿರಬೇಕು, ಮೊದಲರ್ಧ ಗಂಟೆ ಮಾತುಗಳೆಲ್ಲ ಕೇಳಿಸಿದವು, ಮೇಡಂ ಕೇಳಿದರು, ಗಡಿಯಾರಕ್ಕೂ ಸ್ಕೇಲಿಗೂ ಏನು ಒಂದೇ ಥರ ಇದೆ, ಎರಡೂ ಅಳೀತವೆ ಅನ್ನು ಪುಟ್ಟಾ ಎಂದು ನಾನು ಇಲ್ಲಿ ಕುರ್ಚಿಯ ಅಂಚು ಹಿಡಿದೆ, ಒಳಗೆ ಯೋಚಿಸಿ ಯೋಚಿಸಿ ನನ್ನ ಮಗಳು, ಎರಡನ್ನೂ ತಾತ ಮುಟ್ಟೋಕೆ ಬಿಡ್ತಿರ್ಲಿಲ್ಲ. ಮೇಡಂ ನಕ್ಕರು, ನನಗೂ ನಗು ಬಂತು, ಆಮೇಲೆ ಅನ್ನಿಸಿತು, ಜಾಣಮರಿಯಾಗಿದ್ದರೆ ತಟ್ಟನೆ ಹೇಳಿರುತ್ತಿತ್ತು — ತಂಗಿಯ ಮಗಳನ್ನು ಮನೆಮಂದಿಯೆಲ್ಲ ಜಾಣಮರಿ ಅಂತಲೇ ಕರೆಯುವುದು, ನಾನು ಕೂಡ, ಬೇರೆ ಹೆಸರೇ ಬಾಯಿಗೆ ಬರುವುದಿಲ್ಲ. ಪಾಪ ಆ ಮಗುವಿನದೇನು ತಪ್ಪು, ದೊಡ್ಡಮ್ಮಾ ದೊಡ್ಡಮ್ಮಾ ಎಂದು ಮೆಷಿನ್ನಿನ ಕಾಲಡಿಯಲ್ಲೇ ಬಿದ್ದಿರುತ್ತದೆ, ಆವತ್ತು ಶನಿವಾರ ಬಂದಿದ್ದಾಗ ನಾನೇ ಅಲ್ಲವೇ ಕೇಳಿದ್ದು, ಆ ಮೇಡಂ ಏನೇನು ಮಾಡಿಸಿದ್ರು ಚಿನ್ನಾ. ಹೇಳಬಾರ್ದಂತೆ ದೊಡ್ಡಮ್ಮಾ. ನಿನ್ನ ಗೊಂಬೆಗೆ ಫ್ರಾಕು ಹೊಲಿದುಕೊಡ್ಲಾ ಎಂದೆ. ಎಂಟು ವರ್ಷದ ಮಗುವಿಗೆ ಆಸೆ ತೋರಿಸಿ ಬಾಯಿ ಬಿಡಿಸಿದವಳು ಒಳ್ಳೆಯವಳಂತೆ. ಹೇಳಿತು, ನಾನು ಎಳೆ ಕತ್ತರಿಸುತ್ತಾ ಕೇಳಿಸಿಕೊಂಡೆ, ಅಂಕಿಗಳನ್ನು ಉಲ್ಟಾ ಹೇಳಿಸ್ತಾರೆ, ಪದಗಳ ಅರ್ಥ ಕೇಳ್ತಾರೆ, ಆಮೇಲೆ ಒಂಬತ್ತು ಬ್ಲಾಕು ಕೊಡ್ತಾರೆ, ಕೆಲವು ಮುಖ ಕೆಂಪು ಕೆಲವು ಬಿಳಿ, ಕೆಲವು ಓರೆಯಾಗಿ ಅರ್ಧ ಕೆಂಪು ಅರ್ಧ ಬಿಳಿ, ಚಿತ್ರ ತೋರಿಸಿ ಹಾಗೇ ಜೋಡಿಸು ಅಂತಾರೆ, ವಾಚ್ ಹಿಡ್ಕೊಂಡಿರ್ತಾರೆ, ಅದೇ ಕಷ್ಟ ದೊಡ್ಡಮ್ಮಾ, ನಾನು ಫಟ್ ಅಂತ ಮಾಡ್ಬಿಟ್ಟೆ. ಗೊಂಬೆಯ ಫ್ರಾಕಿನ ಅಂಚು ಹೊಲಿಯುವಾಗ ಬೇಕೆಂದೇ ದಪ್ಪದಪ್ಪ ಹೊಲಿಗೆ ಹಾಕಲು ನೋಡಿದೆ, ಆಗಲಿಲ್ಲ, ಬಿಚ್ಚಿ ಮತ್ತೆ ಸಣ್ಣದಾಗಿ ಹಾಕಿದೆ, ನನ್ನ ಕೈಗೆ ಹೊಟ್ಟೆಕಿಚ್ಚು ಪಡುವುದಕ್ಕೂ ಬರುವುದಿಲ್ಲ.

ಸೋಮವಾರ ಬಡಗಿಯ ಹತ್ತಿರ ಹೋಗಿ ಒಂದಿಂಚಿನ ಒಂಬತ್ತು ತುಂಡು ಕೊಯ್ಸಿಕೊಂಡು ಬಂದೆ, ಬಣ್ಣ ಬಳಿದರೆ ಮೂಲೆಯಲ್ಲಿ ಒಸರುತ್ತದೆ, ನನಗೆ ಗೊತ್ತಿರುವುದು ಬಟ್ಟೆ, ಕೋಟಿನ ಒಳಪದರಕ್ಕೆ ತಂದು ಉಳಿದ ಕೆಂಪು ಸ್ಯಾಟಿನ್ನು, ಬಿಳಿಯ ಶರ್ಟಿನ ಕಾಲರು, ಅರ್ಧರ್ಧ ಮುಖಗಳಿಗೆ ಓರೆಯಾಗಿ ಕತ್ತರಿಸಿ ಎರಡನ್ನೂ ಕೂಡಿಸಿ ಮೇಲೆ ಒಂದು ಸಣ್ಣ ಹೊಲಿಗೆ, ಎರಡು ಮಧ್ಯಾಹ್ನ ಹಿಡಿಯಿತು, ಒಂಬತ್ತೂ ಸಾಲಾಗಿ ಕೂತಾಗ ನನ್ನ ಕೈಯಿಂದ ಇಷ್ಟು ಚಂದದ್ದು ಬಂದಿರಲೇ ಇಲ್ಲ ಅನ್ನಿಸಿತು. ಮೂರು ವಾರ, ದಿನಾ ಸ್ಕೂಲಿನಿಂದ ಬಂದು ಬ್ರೆಡ್ಡು ಹಾಲು ಮುಗಿದ ಮೇಲೆ, ನಾನು ಚಿತ್ರ ಬಿಡಿಸುವುದು ಅವಳು ಜೋಡಿಸುವುದು, ಮೊಬೈಲಿನಲ್ಲಿ ಟೈಮು, ಕುಕ್ಕರ್ ಕೂಗುತ್ತದೆ, ಗಿರಾಕಿ ಬೆಲ್ಲು ಒತ್ತುತ್ತಾರೆ, ಇರಿ ಬಂದೆ ಅನ್ನುತ್ತಾ ಒಂದು ಕಣ್ಣು ಇವಳ ಮೇಲೆ. ಮೊದಲ ದಿನ ಎರಡು ನಿಮಿಷ ಹತ್ತು ಸೆಕೆಂಡು. ಎರಡನೆಯ ವಾರಕ್ಕೆ ಐವತ್ತು. ಕೊನೆಗೆ ಇಪ್ಪತ್ತೆರಡು, ಕೈಯ ಕಡೆ ನೋಡುವುದನ್ನೇ ಬಿಟ್ಟಿದ್ದಳು, ಕಣ್ಣು ಚಿತ್ರದ ಮೇಲೆ, ಬ್ಲಾಕು ಬೆರಳಲ್ಲಿ ತಾನಾಗಿ ತಿರುಗುತ್ತದೆ, ಹೆಬ್ಬೆರಳು ಒಮ್ಮೆ ಸವರುತ್ತದೆ, ಸರಿಯಾದ ಮುಖ ಮೇಲೆ ಬರುತ್ತದೆ — ಬಂತು ಬುದ್ಧಿ ಬಂತು ಎಂದುಕೊಂಡೆ, ಬುದ್ಧಿ ಅನ್ನುವುದು ಹೀಗೇ ಬರುವುದಿರಬೇಕು, ಹಲ್ಲು ಬಂದ ಹಾಗೆ. ಯಾರಾದ್ರೂ ಕೇಳಿದ್ರೆ ಮನೇಲಿ ಇಂಥದ್ದು ಇದೆ ಅನ್ಬೇಡ ಅಂದೆ. ಯಾಕಮ್ಮಾ. ಸುಮ್ನೆ ಅನ್ಬೇಡ. ತಲೆಯಾಡಿಸಿದಳು, ಬ್ಲಾಕುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ ಕೇಳಿದಳು, ಅಮ್ಮಾ ನಾನು ಜಾಸ್ತಿ ತಗೊಂಡ್ರೆ ನಿಂಗೂ ಚಿಕ್ಕಮ್ಮಂಗೂ ಜಗಳ ಮುಗಿಯುತ್ತಾ. ಜಗಳ ಎಲ್ಲಿದೆ ಪುಟ್ಟಾ, ನಾವು ಯಾವತ್ತಾದ್ರೂ ಜಗಳ ಆಡಿದೀವಾ. ಅದಕ್ಕೇ ಕೇಳ್ದೆ ಅಂದಳು. ಎದ್ದು ಹೋಗಿ ಒಲೆ ಸಣ್ಣ ಮಾಡಿದೆ, ಅದು ಸಣ್ಣಗೇ ಇತ್ತು. ಇವತ್ತು ಬೆಳಿಗ್ಗೆ ಇಲ್ಲಿ ಅರ್ಜಿ ತುಂಬುವಾಗ ತಾಯಿಯ ಉದ್ಯೋಗ ಟೈಲರಿಂಗ್, ನಿದ್ದೆ ಚೆನ್ನಾಗಿ ಮಾಡುತ್ತದೆಯೇ ಹೌದು, ಮಗು ಈ ಪರೀಕ್ಷೆಯನ್ನಾಗಲಿ ಇದರ ಸಾಮಗ್ರಿಯನ್ನಾಗಲಿ ಈ ಹಿಂದೆ ನೋಡಿದೆಯೇ, ಹೌದು ಒಂದು ಚೌಕ, ಇಲ್ಲ ಒಂದು ಚೌಕ, ಇಲ್ಲ ಎಂಬುದರೊಳಗೆ ಗುರುತು ಹಾಕಿದೆ.

ಈಗ ಒಳಗೆ ಸದ್ದು ನಿಂತುಹೋಗಿದೆ, ಟಕ್ ಇಲ್ಲ ಮಾತೂ ಇಲ್ಲ, ಮೀನು ತಿರುಗಿ ಆ ಮೂಲೆಗೆ ಹೋಯಿತು, ಆಮೇಲೆ ಗುಂಡಿಯ ದನಿ ಸಣ್ಣಗೆ ಏನೋ ಕೇಳಿತು, ಮೇಡಂ ಏನೋ ಅಂದರು, ಕುರ್ಚಿ ಸರಿಯಿತು, ಬಾಗಿಲು. ಒಂದು ನಿಮಿಷ ಬರ್ತೀರಾ ಅಮ್ಮಾ, ಅವಳು ಚಿತ್ರ ಬರೀತಿರ್ಲಿ. ಪಕ್ಕದ ಸಣ್ಣ ಕೋಣೆ, ಫೈಲುಗಳ ವಾಸನೆ, ಅವರು ಕೂರಲಿಲ್ಲ, ನಾನೂ ಕೂರಲಿಲ್ಲ. ನಿಮ್ಮ ಮಗಳು ಒಂದೊಂದು ಬ್ಲಾಕನ್ನೂ ಎತ್ತಿ ಹೆಬ್ಬೆರಳಲ್ಲಿ ಸವರ್ತಾಳೆ, ಕಣ್ಣು ಚಿತ್ರದ ಮೇಲೇ ಇರುತ್ತೆ, ಸವರಿ ಸವರಿ ಕೆಳಗಿಡ್ತಾಳೆ, ಇನ್ನೊಂದು ಎತ್ಕೋತಾಳೆ, ನಾನು ಇಷ್ಟು ವರ್ಷದಲ್ಲಿ ಯಾವ ಮಗೂನೂ ಹೀಗೆ ಮಾಡಿದ್ದು ನೋಡಿಲ್ಲ, ಏನು ಹುಡುಕ್ತಿದೀಯ ಪುಟ್ಟಾ ಅಂದೆ, ಮಿಸ್ ಇದಕ್ಕೆ ಹೊಲಿಗೆ ಎಲ್ಲಿದೆ ಅಂದಳು. ಮೇಡಂ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು, ಬೆರಳ ತುದಿಯ ಸೂಜಿಗಾಯಗಳನ್ನು. ಹೇಳಿಬಿಟ್ಟೆ, ಎಲ್ಲ, ಗೊಂಬೆಯ ಫ್ರಾಕೊಂದನ್ನು ಬಿಟ್ಟು, ಯಾರು ಹೇಳಿದರು ಎಂದು ಅವರೂ ಕೇಳಲಿಲ್ಲ. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ನೀವು ಅಳತೆ ತಗೊಳ್ಳುವಾಗ ಜನ ಹೊಟ್ಟೆ ಒಳಗೆಳ್ಕೊಂಡು ನಿಂತರೆ ಏನು ಮಾಡ್ತೀರಿ ಎಂದರು. ಉಸಿರು ಬಿಡಿ ಅಂತೀನಿ ಮೇಡಂ. ಯಾಕೆ. ಬಟ್ಟೆ ಮೈಗೆ ಆಗಲ್ಲ. ಹೂಂ ಎಂದರು ಅಷ್ಟೆ, ಆ ಒಂದು ಹೂಂ. ಆಮೇಲೆ ಮೆಲ್ಲಗೆ, ಈ ಭಾಗ ಅಳೆಯೋದೇ ಮಗು ಒಂದು ಹೊಸದನ್ನ ಮೊದಲ ಸಲ ಕಂಡಾಗ ತಲೆ ಹೇಗೆ ಓಡಿಸುತ್ತೆ ಅಂತ, ಅವಳಿಗೆ ಇದು ಹೊಸದಲ್ಲ, ಹಳೇದೂ ಅಲ್ಲ, ಇದನ್ನ ಲೆಕ್ಕಕ್ಕೆ ತಗೊಂಡರೆ ಅನ್ಯಾಯ, ಬಿಟ್ಟರೆ ಪೂರ್ತಿ ಅಂಕಿ ಬರಲ್ಲ, ಸ್ಕೂಲಿನವರಿಗೆ ಆ ಒಂದು ಅಂಕಿಯೇ ಬೇಕು, ನಾನು ಈಗ ಕೊಡೋಕಾಗಲ್ಲ, ಒಂದು ವರ್ಷ ಬಿಟ್ಟು ಬನ್ನಿ. ಪಟ್ಟಿ ಮುಗಿದುಹೋಗುತ್ತೆ ಮೇಡಂ. ಗೊತ್ತು. ಅಂದಾಜಿಗೆ, ಸುಮ್ನೆ ನನಗೊಬ್ಬಳಿಗೆ ಹೇಳಿ, ಅವಳದು ಎಷ್ಟಿರಬಹುದು ಅಂದೆ. ಪೂರ್ತಿ ಮುಗಿಸಿದ ಮಕ್ಕಳಿಗೂ ನಾನು ಒಂದೇ ಅಂಕಿ ಅಂತ ಹೇಳಲ್ಲ, ಇಷ್ಟರಿಂದ ಇಷ್ಟರೊಳಗೆ ಅಂತೀನಿ, ಐದು ಆಚೆ ಐದು ಈಚೆ. ಟೈಲರುಗಳು ನಾವೂ ಹಾಗೇ, ಒಳಗಡೆ ಒಂದಿಂಚು ಬಟ್ಟೆ ಬಿಡುತ್ತೇವೆ, ಮೈ ಬದಲಾಗುತ್ತದೆ ಎಂದು ಗೊತ್ತಿರುವುದರಿಂದ — ತಂಗಿ ಆ ಒಂದಿಂಚಿನ ವಿಷಯ ಫೋನಿನಲ್ಲಿ ಹೇಳಲಿಲ್ಲ, ಅವಳಿಗೂ ಅವರು ಹೇಳಿರುತ್ತಾರೆ, ನೂರಿಪ್ಪತ್ತೆಂಟು ಅಂತಷ್ಟೇ ಅವಳು ಮನೆಗೆ ಒಯ್ದದ್ದು, ಅಥವಾ ಹೇಳಿದ್ದಳೇನೋ, ನಾನೇ ಕೇಳಿಸಿಕೊಳ್ಳಲಿಲ್ಲವೇನೋ. ಹೊರಡುವಾಗ ಮೇಡಂ ಗುಂಡಿಯ ತಲೆ ಸವರಿದರು, ನಿನ್ನ ಹಾಗೆ ಬೆರಳಲ್ಲಿ ನೋಡೋಕೆ ನನಗೂ ಹೇಳಿಕೊಡ್ತೀಯಾ ಎಂದರು, ಗುಂಡಿ ನಕ್ಕಳು, ಹಲ್ಲು ಬಿದ್ದ ಜಾಗ ಪೂರ್ತಿ ಕಾಣುವ ಹಾಗೆ, ನನ್ನ ಜೊತೆ ಮೂರು ವಾರದಲ್ಲಿ ಒಂದು ಸಲವೂ ಹಾಗೆ ನಕ್ಕಿರಲಿಲ್ಲ, ಆ ಹೆಂಗಸಿನ ಕೈಯನ್ನು ಅಲ್ಲಿಂದ ಎತ್ತಿ ತೆಗೆಯಬೇಕು ಅನ್ನಿಸಿತು.

ಬಸ್ ನಿಲ್ದಾಣದ ಬೆಂಚು ಬಿಸಿಲಿಗೆ ಕಾದಿದೆ, ಕೆಳಗೆ ನನ್ನ ದುಪಟ್ಟಾ ಹಾಸಿ ಕೂರಿಸಿದ್ದೇನೆ, ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದುಕೊಟ್ಟೆ, ಹಳದಿ ಬಿಟ್ಟು ಬಿಳಿಯದನ್ನಷ್ಟೇ ತಿನ್ನುತ್ತಿದ್ದಾಳೆ, ಬೈಯಲಿಲ್ಲ. ಅಮ್ಮಾ ನಾನು ಮನೇಲಿ ಇದೆ ಅಂತ ಹೇಳ್ಲಿಲ್ಲ, ಹೊಲಿಗೆ ಎಲ್ಲಿದೆ ಅಂತ ಅಷ್ಟೇ ಕೇಳ್ದೆ. ಗೊತ್ತು ಪುಟ್ಟಾ. ಅದರಲ್ಲಿ ಹೊಲಿಗೇನೇ ಇರ್ಲಿಲ್ಲ ಅಮ್ಮಾ, ಯಾವುದು ಅರ್ಧ ಅಂತ ಹೇಗೆ ಗೊತ್ತಾಗುತ್ತೆ. ಕಣ್ಣಲ್ಲಿ ನೋಡಿದ್ರೆ ಗೊತ್ತಾಗುತ್ತೆ ಅಲ್ವಾ ಎನ್ನಲು ಬಾಯಿ ತೆರೆದೆ, ಮುಚ್ಚಿದೆ, ಮೂರು ವಾರದ ಹಿಂದೆ ಅವಳು ಕಣ್ಣಲ್ಲಿ ನೋಡುತ್ತಿದ್ದಳು, ಎರಡು ನಿಮಿಷ ಹತ್ತು ಸೆಕೆಂಡು ಕಣ್ಣರಳಿಸಿ ನೋಡುತ್ತಿದ್ದಳು. ಫೋನು ಗುರ್ರೆಂದಿತು, ತಂಗಿಯ ಮೆಸೇಜು, ಎಷ್ಟು ಬಂತೇ ಅಕ್ಕಾ, ಇಲ್ಲಿ ಇವಳು ಕುಣೀತಿದಾಳೆ ಇಬ್ಬರೂ ಒಂದೇ ಗುಂಪಲ್ಲಿ ಇರ್ತೀವಿ ಅಂತ, ಗೊಂಬೆ ಫ್ರಾಕಿಗೆ ಥ್ಯಾಂಕ್ಸ್, ಏನ್ ಹೊಲಿಗೆ ಕಣೇ ನಿಂದು, ನಂಗೆ ಜನ್ಮದಲ್ಲಿ ಬರಲ್ಲ. ಓದಿದೆ, ಮತ್ತೆ ಓದಿದೆ, ಜನ್ಮದಲ್ಲಿ ಬರಲ್ಲ ಎಂಬುದನ್ನು ಅವಳು ಸುಮ್ಮನೆ ಅಂದಳೋ ನಿಜವಾಗಿ ಅಂದಳೋ, ಹಡಗಿನ ತುಂಡು ಬಡಿಯುತ್ತಿದ್ದ ಆ ಕೈ, ಗಿರಾಕಿಗಳ ನಗು, ಮುಳ್ಳು ಹನ್ನೊಂದರ ಮೇಲೆ, ಬೇಡ ಅವಳ ಹೊಗಳಿಕೆ ಬೇಡ, ನನಗೆ ಬೇಕಾದದ್ದು ಒಂದೇ, ಒಂದೇ ಒಂದು ಹೆಚ್ಚಿಗೆ, ನನ್ನ ಬೆರಳು ಬರೆಯುತ್ತಿದೆ, ಒಂದು, ಎರಡು, ಒಂಬತ್ತು. ನೂರಿಪ್ಪತ್ತೊಂಬತ್ತು. ಪರದೆಯ ಮೇಲೆ ಎಷ್ಟು ಅಚ್ಚುಕಟ್ಟಾಗಿ ಕೂತಿದೆ, ಕಳಿಸಿದರೆ ಇನ್ನೆರಡು ಗಳಿಗೆಯಲ್ಲಿ ಅವಳ ಮನೆಯ ಶೋಕೇಸಿನ ಪಕ್ಕದಲ್ಲಿ ಫೋನು ಗುರ್ರೆನ್ನುತ್ತದೆ, ಪಟ್ಟಿ ಬರುವುದರೊಳಗೆ ಏನಾದರೂ ಹೇಳಿದರಾಯಿತು, ಸ್ಕೂಲಿನವರದೇ ತಪ್ಪು ಅಂದರಾಯಿತು. ಗುಂಡಿ ನನ್ನ ತೋಳಿಗೆ ಒರಗಿದಳು, ತೋಳಿನ ಒಳಹೊಲಿಗೆಯ ಮೇಲೆ ಅವಳ ಹೆಬ್ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಬಗ್ಗಿ ಪರದೆ ನೋಡಿದಳು, ಅಮ್ಮಾ ಅದು ಯಾರ ನಂಬರು. ಯಾರ ನಂಬರು — ಬಸ್ಸು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು, ನನ್ನ ಹೆಬ್ಬೆರಳು ಇನ್ನೂ ಕಳಿಸದೆ ಗಾಜಿನ ಮೇಲೆ ನಿಂತಿದೆ, ಗಾಜು ನುಣ್ಣಗಿದೆ, ಎಲ್ಲೂ ಏನೂ ತಾಗುವುದಿಲ್ಲ, ಯಾರ ನಂಬರು ಅಮ್ಮಾ, ಮುಚ್ಚಿದ ಬಾಗಿಲಿನಾಚೆ ನಾನು ನೋಡದೇ ಇದ್ದ ಆ ಮೇಜು, ವಾಚು ಓಡುತ್ತಿದೆ, ಹಲ್ಲಿನಂತೆ ಗಟ್ಟಿಯಾದ ಕೆಂಪು ಬಿಳಿ, ಅದರ ಮೇಲೆ ಒಂದು ಸಣ್ಣ ಹೆಬ್ಬೆರಳು, ಒಂದು ಸಲ ಸವರಿ, ಇನ್ನೊಂದು ಸಲ ಸವರಿ, ಇಲ್ಲದ ಹೊಲಿಗೆಯನ್ನು, ಒಂದು ಸಣ್ಣ ಹೆಬ್ಬೆರಳು —